ಒತ್ತಕ್ಷರಕ್ಕೂ ಜಾಗ ಬೇಕ್ರಿ

ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತು ಸಾಲಿನ ನೋಟಿಸು ಒಂದೇ ಮುದ್ದೆಯಾಗಿ ಬಂದರೆ ಏನಾಗ್ತದ? ಫೀಸಿನ ಕೊನೆಯ ದಿನ ಹದಿನೈದನೇ ಸಾಲಿನಲ್ಲಿ ಅಡಗಿರ್ತದ. ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರದಿಂದ ರೈಲಿನಲ್ಲಿ ನಿಂತುಕೊಂಡು, ಚಿಂಚೋಳಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವ ನಾವು ಅದನ್ನು ಒಂದೇ ಕೈಯಲ್ಲಿ ಓದಬೇಕು. ದಿನ ತಪ್ಪಿದರೆ ದಂಡ ಕಟ್ಟೋರೂ ನಾವೇ.

ಜಾಗ ಬಿಟ್ಟು ಬರೆಯೋದು ನಮ್ಮಲ್ಲಿ ತಡವಾಗಿ ಬಂದ ಅಭ್ಯಾಸ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಆ ಕಾಲದ ಶಾಸನಗಳಲ್ಲಿ ಅಕ್ಷರಗಳು ಬಿಡುವಿಲ್ಲದೆ ಸಾಗ್ತಾವ, ಪದ ಬಿಡಿಸಿಕೊಳ್ಳೋ ಕೆಲಸ ಓದುವವರದು. ಕೆಲವು ನೋಟಿಸುಗಳೂ ಅದೇ ಪರಂಪರೆಯವು!

ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆದು ಒತ್ತಿ ಹೇಳ್ತಾರ. ಕನ್ನಡಕ್ಕೆ ಆ ಸೌಲಭ್ಯ ಇಲ್ಲ, ದಪ್ಪಕ್ಷರವೇ ಗತಿ. ವಾಟ್ಸಾಪಿನಲ್ಲಿ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕ್ರಿ, ಪದಕ್ಕೆ ತಾಗಿಸಿ. ಮಧ್ಯೆ ಜಾಗ ಬಿಟ್ಟರೆ ನಕ್ಷತ್ರ ನಕ್ಷತ್ರವಾಗೇ ಉಳೀತದ. ದಿನ, ಸ್ಥಳ ಇವೆರಡಕ್ಕೆ ಸಾಕು. ಎಲ್ಲಾ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣೋದಿಲ್ಲ. ಓರೆ ಅಕ್ಷರ ಮಾತ್ರ ಕನ್ನಡಕ್ಕೆ ಒಗ್ಗೋದಿಲ್ಲ ಅಂತ ನಮ್ಮ ಅಭಿಪ್ರಾಯ.

ಇನ್ನು ಸಾಲಿನ ಅಂತರ. ‘ರಾಷ್ಟ್ರ’, ‘ಸ್ತ್ರೀ’ ನೋಡ್ರಿ, ಒತ್ತಕ್ಷರ ಕೆಳಗೆ ಇಳೀತಾವ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಅವು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತಾವ. ಪೋಸ್ಟರ್, ಪಿಡಿಎಫ್ ಮಾಡುವಾಗ ಅಕ್ಷರದ ಅಳತೆಯ 1.5 ಪಟ್ಟು ಇಡ್ರಿ. ವಾಟ್ಸಾಪಿನಲ್ಲಿ ಅದು ನಮ್ಮ ಕೈಲಿಲ್ಲ. ಮೂರು ಸಾಲಿಗೊಮ್ಮೆ ಖಾಲಿ ಸಾಲು ಬಿಡ್ರಿ. ಕೊನೆಯ ದಿನ ಮಾತ್ರ ಮೊದಲ ಸಾಲಿಗೇ ಬರಲಿ.