ಜ್ವರ ನಿಂತರೆ ಕ್ಷಯ ಹೋಯಿತೇ?

ಕ್ಷಯದ ಗುಳಿಗೆ ಶುರುಮಾಡಿ ಎರಡು ತಿಂಗಳಾದ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ರೋಗಿಗಳು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಹಕೀಮ್ ಸಾಹೇಬ್ರ, ಜ್ವರ ಹೋತು, ಹಸಿವಿ ಆಗಾಕತ್ತೈತಿ. ಇನ್ನೂ ನಾಕು ತಿಂಗಳು ಗುಳಿಗಿ ಯಾಕ್ರಿ?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ನಮ್ಮ ದೇಹದೊಳಗಿನ 'ಸೈಟೊಕೈನ್'ಗಳಲ್ಲಿದೆ.

ಸೈಟೊಕೈನ್ ಎಂದರೇನು?

ನಮ್ಮ ರಕ್ಷಣಾ ಕಣಗಳು ಒಂದಕ್ಕೊಂದು ಕಳಿಸುವ ಸಂದೇಶಗಳೇ ಸೈಟೊಕೈನ್‌ಗಳು. ಇವು ಬಹಳ ಸಣ್ಣ ಪ್ರೋಟೀನ್‌ಗಳು. ಕೆಲವು "ಬನ್ನಿ, ಹೋರಾಡಿ" ಎನ್ನುತ್ತವೆ. ಇನ್ನು ಕೆಲವು "ಸಾಕು, ನಿಲ್ಲಿಸಿ" ಎನ್ನುತ್ತವೆ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದರು. ರೋಗಿ ಕೆಮ್ಮಿದಾಗ ಗಾಳಿಯ ಮೂಲಕ ಅದು ನಮ್ಮ ಶ್ವಾಸಕೋಶ ಸೇರಿದರೆ, ಅಲ್ಲಿನ ಕಾವಲು ಕಣ ಅದನ್ನು ನುಂಗುತ್ತದೆ. ಆದರೆ ಈ ರೋಗಾಣು ಕಣದ ಹೊಟ್ಟೆಯಲ್ಲೂ ಬದುಕಬಲ್ಲದು. ಆಗ ಕಾವಲು ಕಣ ಇಂಟರ್‌ಲ್ಯೂಕಿನ್-12 ಎಂಬ ಸಂದೇಶ ಕಳಿಸಿ ಟಿ-ಕಣಗಳನ್ನು ಎಚ್ಚರಿಸುತ್ತದೆ. ಟಿ-ಕಣಗಳು ಇಂಟರ್‌ಫೆರಾನ್-ಗಾಮಾ ಕಳಿಸಿ ಕಾವಲು ಕಣಕ್ಕೆ ಕೊಲ್ಲುವ ಬಲ ಕೊಡುತ್ತವೆ. ಟಿಎನ್‌ಎಫ್ ಎಂಬ ಇನ್ನೊಂದು ಸಂದೇಶ ಈ ಕಣಗಳನ್ನೆಲ್ಲ ಸೇರಿಸಿ ರೋಗಾಣುವಿನ ಸುತ್ತ ಗೋಡೆ ಕಟ್ಟಿಸುತ್ತದೆ. ಈ ಗೋಡೆ ಗಟ್ಟಿಯಾಗಿದ್ದರೆ ರೋಗಾಣು ಒಳಗೇ ಮಲಗಿರುತ್ತದೆ. ಸೋಂಕು ತಗುಲಿದ 100 ಜನರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಸುಮಾರು 5ರಿಂದ 10 ಮಂದಿ ಮಾತ್ರ.

ಜ್ವರ ಎಲ್ಲಿಂದ ಬರುತ್ತದೆ?

ಸಂಜೆಯ ಜ್ವರ, ಹಸಿವು ಇಲ್ಲದಿರುವುದು, ಮೈ ಇಳಿಯುವುದು, ಇವೆಲ್ಲ ಹೆಚ್ಚಾಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6ರಂಥ ಸಂದೇಶಗಳ ಪರಿಣಾಮ. ಔಷಧಿಯಿಂದ ಮೊದಲ ವಾರಗಳಲ್ಲೇ ಬಹುಪಾಲು ರೋಗಾಣು ಸಾಯುತ್ತವೆ. ಸಂದೇಶಗಳ ಗದ್ದಲ ಕಡಿಮೆಯಾಗಿ ಜ್ವರ ಇಳಿಯುತ್ತದೆ. ಆದರೆ ನಿಧಾನವಾಗಿ ಬೆಳೆಯುವ, ಮಲಗಿರುವ ರೋಗಾಣುಗಳು ಉಳಿದಿರುತ್ತವೆ. ಅವು ಗದ್ದಲ ಎಬ್ಬಿಸುವುದಿಲ್ಲ. ಉಳಿದ ನಾಲ್ಕು ತಿಂಗಳ ಗುಳಿಗೆ ಇವುಗಳಿಗಾಗಿಯೇ. ನಡುವೆ ಬಿಟ್ಟರೆ ಕಾಯಿಲೆ ಮರಳಬಹುದು, ಅದೇ ಔಷಧಿಗೆ ಬಗ್ಗದ ಕ್ಷಯವಾಗಿಯೂ ಬರಬಹುದು.

ಹೆಚ್ಚಾದರೆ ಒಳ್ಳೆಯದೇ?

ಇಲ್ಲ. ಸಂದೇಶಗಳು ಮಿತಿಮೀರಿದರೆ ದೇಹದ ಹೋರಾಟವೇ ಶ್ವಾಸಕೋಶವನ್ನು ಕೊರೆದು ಕುಳಿ ಮಾಡುತ್ತದೆ. ಕೋವಿಡ್‌ನಲ್ಲಿ ಇದನ್ನೇ ನೋಡಿದೆವು. ಆಮ್ಲಜನಕ ಬೇಕಾದ ರೋಗಿಗಳ ಜೀವವನ್ನು ಡೆಕ್ಸಾಮೆಥಾಸೋನ್ ಉಳಿಸಬಲ್ಲದೆಂದು 2020ರಲ್ಲಿ ತಿಳಿಯಿತು. ಅದು ಈ ಗದ್ದಲವನ್ನು ತಗ್ಗಿಸುವ ಸ್ಟೀರಾಯ್ಡ್. ಆದ್ದರಿಂದ 'ಇಮ್ಯುನಿಟಿ ಹೆಚ್ಚಿಸುವ' ಡಬ್ಬಿಗಳಿಗೆ ಹಣ ಸುರಿಯಬೇಡಿ. ದೇಹಕ್ಕೆ ಬೇಕಾದದ್ದು ಸಮತೋಲ. ಯುನಾನಿಯಲ್ಲಿ ಇದಕ್ಕೆ 'ಇತಿದಾಲ್' ಎನ್ನುತ್ತೇವೆ.

ಗೋಡೆ ಯಾವಾಗ ಒಡೆಯುತ್ತದೆ?

ಊಟದ ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ-ಸಿಗರೇಟು, ಮದ್ಯ ಇವು ಗೋಡೆಯನ್ನು ಸಡಿಲಿಸುತ್ತವೆ. ನಮ್ಮ ಭಾಗದಲ್ಲಿ ಇನ್ನೂ ಎರಡು ಮಾತು ನೆನಪಿಡಿ. ಒಂದು, ಕಲ್ಲು ಕೊರೆಯುವಾಗ, ಒಡೆಯುವಾಗ ಏಳುವ ಸಿಲಿಕಾ ಧೂಳು ಕಾವಲು ಕಣವನ್ನೇ ಕೆಡಿಸುತ್ತದೆ. ಹಟ್ಟಿಯ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನಲ್ಲಾಗಲಿ ಬೇರೆಲ್ಲೇ ಆಗಲಿ, ಗಣಿ, ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರು ಕೆಮ್ಮನ್ನು ಕಡೆಗಣಿಸಬಾರದು. ಎರಡು, ಮೊಣಕಾಲು ನೋವಿಗೆಂದು ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಗುಳಿಗೆ, ಹೆಸರಿಲ್ಲದ 'ದೇಸಿ' ಪುಡಿ. ಇವು ಸಂದೇಶಗಳ ಬಾಯಿ ಮುಚ್ಚಿಸುತ್ತವೆ. ನೋವು ಹೋದಂತೆ ಕಾಣುತ್ತದೆ, ಮಲಗಿದ್ದ ಕ್ಷಯ ಏಳುತ್ತದೆ.

ಊಟವೂ ಔಷಧಿಯೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಪಡಿತರ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು 39 ಪ್ರತಿಶತ ಕಡಿಮೆಯಾಯಿತು. ಬೇಳೆ, ಮೊಟ್ಟೆ, ಶೇಂಗಾ, ಹಾಲು, ಜೋಳದ ರೊಟ್ಟಿ ಸಾಕು. ರೋಗಿಗೆ ಮಾತ್ರ ಬಡಿಸಿ ಉಳಿದವರು ಹಸಿದಿರಬೇಡಿ.

ನೀವು ಮಾಡಬೇಕಾದದ್ದು

* ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿತ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ.
* ಮನೆಯ ಎಲ್ಲರಿಗೂ ತಪಾಸಣೆ ಮಾಡಿಸಿ, ಮುಖ್ಯವಾಗಿ ಮಕ್ಕಳಿಗೆ. ಕಾಯಿಲೆ ಇಲ್ಲದವರಿಗೆ ತಡೆ ಔಷಧಿ ಇದೆ.
* ಬೆಂಗಳೂರಿಗೆ ದುಡಿಯಲು ಗುಳೆ ಹೋಗುವಾಗ ಮೊದಲೇ ತಿಳಿಸಿ, ನಿಕ್ಷಯ್ ನಂಬರ್ ಜೊತೆಗಿಡಿ. ಚಿಕಿತ್ಸೆ ಅಲ್ಲಿಯೂ ಮುಂದುವರಿಯುತ್ತದೆ.
* ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿದೆ. ಬ್ಯಾಂಕ್ ಖಾತೆ ಕೊಡಲು ಮರೆಯಬೇಡಿ.
* ರಂಜಾನ್‌ನಲ್ಲಿ ಗುಳಿಗೆ ತಪ್ಪಿಸಬೇಡಿ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ವೈದ್ಯರನ್ನು ಕೇಳಿ.

ಕ್ಷಯವನ್ನು ನಮ್ಮ ಗ್ರಂಥಗಳು 'ಸಿಲ್' ಎನ್ನುತ್ತವೆ. ಅದು ಒಬ್ಬರಿಂದೊಬ್ಬರಿಗೆ ಹರಡುತ್ತದೆಂದು ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ತಿಳಿದಿದ್ದರು. ಆದರೆ ಅವರ ಕಾಲದಲ್ಲಿ ರೋಗಾಣು ಕೊಲ್ಲುವ ಔಷಧಿ ಇರಲಿಲ್ಲ, ನಮ್ಮ ಕಾಲದಲ್ಲಿದೆ. ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ಖಮೀರಾ, ಜೋಶಾಂದಾ ಯಾವುದೂ ಆ ಗುಳಿಗೆಗಳ ಜಾಗ ತುಂಬುವುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆ ಮುಚ್ಚಿಡಬೇಡಿ. ಗುಳಿಗೆ ಪೂರ್ತಿ ಮಾಡಿದವರು ಸಾಮಾನ್ಯವಾಗಿ ಗುಣವಾಗುತ್ತಾರೆ. ಮುಚ್ಚಿಟ್ಟರೆ ಮನೆಗೆಲ್ಲ ಹರಡುತ್ತದೆ.