‘ರೆಡಿ?’ ಎಂದು ಕೇಳಿದ ಮೇಲೆ ಚೆಂಡು



ಕೆಲವು ವರ್ಷಗಳ ಹಿಂದೆ ಅರೆಕೆರೆಯಲ್ಲಿ ಹಬ್ಬದ ಅಂಗವಾಗಿ ಮಕ್ಕಳಿಗೆ ಆಟೋಟ ಸ್ಪರ್ಧೆ ಇಟ್ಟುಕೊಂಡಿದ್ದೆವು. ಗೋಣಿಚೀಲದ ಓಟ, ನಿಂಬೆಹಣ್ಣು-ಚಮಚ, ಹಗ್ಗಜಗ್ಗಾಟ ಎಲ್ಲವೂ ಇತ್ತು. ಕಣ್ಣು ಕಾಣದ ಒಬ್ಬ ಹುಡುಗನೂ ತಾಯಿಯ ಕೈ ಹಿಡಿದು ಬಂದಿದ್ದ. ಅವನಿಗೆ ಬೇಸರವಾಗಬಾರದೆಂದು ವೇದಿಕೆಯ ಪಕ್ಕ ನೆರಳಿನಲ್ಲಿ ಕುರ್ಚಿ ಹಾಕಿಸಿದೆವು. ಕೊನೆಯಲ್ಲಿ ‘ವಿಶೇಷ ಬಹುಮಾನ’ ಎಂದು ಒಂದು ಸ್ಟೀಲ್ ಡಬ್ಬಿ ಕೊಟ್ಟೆವು. ಜನ ಚಪ್ಪಾಳೆ ತಟ್ಟಿದರು. ಹುಡುಗ ಡಬ್ಬಿಯನ್ನು ಸುತ್ತಲೂ ತಡವಿ ನೋಡಿ, “ಫಾದರ್, ನಾನು ಯಾವ ಆಟದಲ್ಲಿ ಗೆದ್ದೆ?” ಎಂದು ಕೇಳಿದ.

ನಮ್ಮ ಬಳಿ ಉತ್ತರವಿರಲಿಲ್ಲ. ದಿನವಿಡೀ ಅವನಿಗೆ ನೆರಳು ಕೊಟ್ಟಿದ್ದೆವು, ತಿಂಡಿ ಕೊಟ್ಟಿದ್ದೆವು, ಚಪ್ಪಾಳೆ ಕೊಟ್ಟಿದ್ದೆವು. ಆಟ ಒಂದನ್ನು ಮಾತ್ರ ಕೊಟ್ಟಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿರಲಿಲ್ಲ. ಅರೆಕೆರೆಯಿಂದ ಬನ್ನೇರುಘಟ್ಟ ರಸ್ತೆ ಹಿಡಿದರೆ ಜೆ.ಪಿ. ನಗರ, 1969ರಲ್ಲಿ ಆರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇರುವುದು ಅಲ್ಲೇ. ಇತ್ತ ಬಿ.ಟಿ.ಎಂ. ದಾಟಿ ಸಿಲ್ಕ್ ಬೋರ್ಡ್ ಬಳಿ ತಿರುಗಿದರೆ ಎಚ್.ಎಸ್.ಆರ್. ಬಡಾವಣೆಯಲ್ಲಿ ಸಮರ್ಥನಂ ಸಂಸ್ಥೆ. ಅದನ್ನು 1997ರಲ್ಲಿ ಕಟ್ಟಿದವರು ಮಹಾಂತೇಶ್ ಜಿ. ಕಿವಡಸಣ್ಣವರ್ ಹಾಗೂ ದಿವಂಗತ ಎಸ್.ಪಿ. ನಾಗೇಶ್. ಇಬ್ಬರೂ ಅಂಧರೇ. ಭಾರತದ ಅಂಧರ ಕ್ರಿಕೆಟ್ ಸಂಸ್ಥೆಯನ್ನು ಬೆಂಗಳೂರಿನಿಂದ ಮುನ್ನಡೆಸಿದವರೂ ಇದೇ ಮಹಾಂತೇಶ್. ಕಣ್ಣಿದ್ದವರು ಮುಂದೆ ನಡೆದು ಕಣ್ಣಿಲ್ಲದವರು ಹಿಂಬಾಲಿಸುವುದೇ ಸೇವೆ ಎಂದು ನಂಬಿಕೊಂಡ ನಮಗೆ, ಇಲ್ಲಿ ಅದು ತಿರುವುಮುರುವಾಗಿ ಕಂಡಿತು.

ಅಂಧರ ಕ್ರಿಕೆಟ್ ಎಂದರೇನು? ಈ ಆಟ ಹುಟ್ಟಿದ್ದು 1922ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ. ಅಲ್ಲಿಯ ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಚೆಂಡು ಮಾಡಿಕೊಂಡರಂತೆ. (ನಾವು ಡಬ್ಬಿಯನ್ನು ಬಹುಮಾನವಾಗಿ ಕೊಟ್ಟೆವು, ಅವರು ಅದರಿಂದ ಆಟವನ್ನೇ ಮಾಡಿದರು!) ಈಗಿನದು ಗಟ್ಟಿ ಪ್ಲಾಸ್ಟಿಕ್ ಚೆಂಡು. ಒಳಗೆ ಬೇರಿಂಗ್ ಗುಂಡುಗಳಿದ್ದು ಉರುಳುವಾಗ ಗಲಗಲ ಸದ್ದು ಮಾಡುತ್ತದೆ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಚೆಂಡು ಪಿಚ್ಚಿನ ಅರ್ಧ ದಾರಿಗೆ ಮೊದಲೇ ನೆಲ ಮುಟ್ಟಬೇಕು. ಬ್ಯಾಟುಗಾರನ ಕಿವಿಗೆ ಅದು ಬರುವ ದಾರಿ ತಿಳಿಯುವುದು ಹಾಗೆ.

ಹನ್ನೊಂದು ಜನರ ತಂಡದಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರನ್ನು ಬಿ-1 ಎನ್ನುತ್ತಾರೆ. ಉಳಿದವರು ಬಿ-2, ಬಿ-3, ಅಂದರೆ ಅಲ್ಪಸ್ವಲ್ಪ ಕಾಣುವವರು. ಬಿ-1 ಆಟಗಾರ ಹೊಡೆದ ರನ್ನುಗಳನ್ನು ದುಪ್ಪಟ್ಟಾಗಿ ಎಣಿಸುತ್ತಾರೆ. ಅವನು ಒಂದು ಪುಟ ಬಿದ್ದ ಚೆಂಡನ್ನು ಹಿಡಿದರೂ ಕ್ಯಾಚ್. ಇದು ಕರುಣೆಯಿಂದ ಕೊಟ್ಟ ರಿಯಾಯಿತಿಯೆಂದು ಭಾವಿಸಬೇಡಿ. ಪೂರ್ಣ ಅಂಧನಿಲ್ಲದೆ ತಂಡ ಗೆಲ್ಲಲಾಗದಂತೆ ನಿಯಮವನ್ನು ಹೆಣೆದಿದ್ದಾರೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಚಿಕ್ಕ ನಿಯಮ. ಎಸೆಯುವ ಮೊದಲು ಬೌಲರ್ “ರೆಡಿ?” ಎಂದು ಕೇಳಬೇಕು. ಬ್ಯಾಟುಗಾರ “ಯೆಸ್” ಎಂದ ಮೇಲೆ “ಪ್ಲೇ” ಎಂದು ಕೂಗಿ ಚೆಂಡು ಬಿಡಬೇಕು. ಎದುರಾಳಿಯೂ ಕೇಳದೆ ಎಸೆಯುವಂತಿಲ್ಲ. ಸೇವೆ ಮಾಡಹೊರಟ ನಾವೋ? ಕೇಳದೆಯೇ ಕುರ್ಚಿ ಹಾಕಿದೆವು, ಕೇಳದೆಯೇ ಡಬ್ಬಿ ಕೊಟ್ಟೆವು. ಜೆರಿಕೋ ಪಟ್ಟಣದ ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ನೋಡಿದ ಯಾರಿಗೂ ತಿಳಿಯುವಂತಿತ್ತು. ಆದರೂ ಯೇಸುಸ್ವಾಮಿ ಅವನನ್ನೇ ಕರೆಸಿ ಕೇಳಿದರು. ಈ ಭಾಗವನ್ನು ಎಷ್ಟೋ ವರ್ಷ ಪೀಠದಲ್ಲಿ ನಿಂತು ಓದಿದ್ದೇವೆ. ಆ ಪ್ರಶ್ನೆ ಏಕೆ ಬೇಕಿತ್ತೆಂದು ನಮಗೆ ಹೊಳೆದದ್ದು ಈ ಆಟದಿಂದ.

ಹಾಗಾದರೆ ಕಣ್ಣಿದ್ದ ಸ್ವಯಂಸೇವಕರಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ, ಆದರೆ ಫೋಟೋದಲ್ಲಿ ಬರುವ ಕೆಲಸವಲ್ಲ. ಬಸ್‌ಸ್ಟ್ಯಾಂಡಿನಿಂದ ಆಟಗಾರರನ್ನು ಕರೆತರುವುದು, ಸ್ಕೋರ್ ಬರೆಯುವುದು, ಗಡಿಗೆರೆ ದಾಟಿದ ಚೆಂಡು ಹುಡುಕಿ ಕೊಡುವುದು. ನಡೆಸುವುದಕ್ಕೂ ಒಂದು ಕ್ರಮವಿದೆ. ನಾವು ಅವರ ಕೈ ಹಿಡಿದು ಎಳೆಯಬಾರದು. ಅವರು ನಮ್ಮ ಮೊಣಕೈ ಹಿಡಿಯುತ್ತಾರೆ, ನಾವು ಅರ್ಧ ಹೆಜ್ಜೆ ಮುಂದಿರಬೇಕು ಅಷ್ಟೇ. ಹಿಡಿತ ಅವರದು, ಬಿಡುವುದೂ ಅವರಿಷ್ಟ.

ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿರುವುದು. ಚೆಂಡು ಉರುಳುತ್ತಿರುವಾಗ ಗಡಿಗೆರೆಯಲ್ಲಿ ನಿಂತವರು “ಎಡಕ್ಕೆ! ಬಲಕ್ಕೆ!” ಎಂದು ಕೂಗಿದರೆ ಬೇರಿಂಗಿನ ಸದ್ದು ಮುಳುಗಿಹೋಗುತ್ತದೆ. ಕೂಗುವವರ ಮನಸ್ಸು ಒಳ್ಳೆಯದೇ. ಆದರೆ ಆ ಒಳ್ಳೆಯ ಮನಸ್ಸಿನ ಗದ್ದಲದಲ್ಲೇ ಆಟಗಾರ ಔಟಾಗುತ್ತಾನೆ. ವರ್ಷಕ್ಕೊಮ್ಮೆ, ಡಿಸೆಂಬರ್ 3ರ ವಿಕಲಚೇತನರ ದಿನದಂದು ಬಾಳೆಹಣ್ಣು ಹಿಡಿದು ಬರುವ ನಮ್ಮಂಥವರಿಗೆ ಈ ಮೌನ ಬೇಗ ಬರುವುದಿಲ್ಲ. ತಿಂಗಳುಗಟ್ಟಲೆ ಮೈದಾನದಲ್ಲಿ ನಿಂತವರಿಗೆ ಬರುತ್ತದೆ.

ಹೀಗೆ ಕಟ್ಟಿದ ಆಟ ಎಲ್ಲಿಗೆ ಮುಟ್ಟಿದೆ ನೋಡಿ. ಅಂಧರ ಮೊದಲ ವಿಶ್ವಕಪ್ ನಡೆದದ್ದು 1998ರಲ್ಲಿ ದೆಹಲಿಯಲ್ಲಿ. ಗೆದ್ದದ್ದು ದಕ್ಷಿಣ ಆಫ್ರಿಕಾ. 2012ರಲ್ಲಿ ಮೊದಲ ಟಿ-20 ವಿಶ್ವಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕರ್ನಾಟಕದವರೇ ಆದ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಅವರಿಗೆ 2017ರಲ್ಲಿ ಪದ್ಮಶ್ರೀ ದೊರೆಯಿತು. 2017 ಮತ್ತು 2022ರ ಟಿ-20 ವಿಶ್ವಕಪ್ ಫೈನಲ್‌ಗಳನ್ನೂ ಭಾರತ ಗೆದ್ದದ್ದು ಇದೇ ಊರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಧ ಮಹಿಳೆಯರ ತಂಡ ಚಿನ್ನ ಗೆದ್ದಿತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ನಡೆದ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಫೈನಲ್‌ನಲ್ಲಿ ದೀಪಿಕಾ ಟಿ.ಸಿ. ನಾಯಕತ್ವದ ಭಾರತ ನೇಪಾಳವನ್ನು ಮಣಿಸಿತು. ಕಣ್ಣು ಕಾಣದ ಮಗಳನ್ನು ಒಂಟಿಯಾಗಿ ಪರಸ್ಥಳಕ್ಕೆ ಕಳುಹಿಸಲು ಯಾವ ತಾಯಿ ತಾನೇ ಸುಲಭವಾಗಿ ಒಪ್ಪುತ್ತಾಳೆ? ಕಪ್ಪಿನ ಹಿಂದೆ ಅಂಥ ಎಷ್ಟೋ ಮನೆಗಳ ಹೊಸ್ತಿಲಲ್ಲಿ ಕುಳಿತು ಮಾತನಾಡಿದವರ ದುಡಿಮೆಯಿದೆ.

ಕಾನೂನೂ ಈಗ ಬೆಂಬಲಕ್ಕಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಆಟವನ್ನು ದಾನವೆನ್ನದೆ ಹಕ್ಕೆಂದು ಕಾಣುತ್ತದೆ. ಆದರೆ ಧರ್ಮಕೇಂದ್ರದ ಅಂಗಳಕ್ಕೆ ಕಾನೂನು ತಾನಾಗಿ ಬಂದು ಚೆಂಡು ಎಸೆಯುವುದಿಲ್ಲವಲ್ಲ.

ಮರುವರ್ಷ ಆಟೋಟಕ್ಕೆ ಮೊದಲು ಆ ಹುಡುಗನ ಮನೆಗೆ ಹೋಗಿ, ಏನು ಆಡುತ್ತೀ ಎಂದು ಕೇಳಿದೆವು. “ಕ್ರಿಕೆಟ್” ಎಂದ, ಇದನ್ನೂ ಕೇಳಬೇಕೇ ಎನ್ನುವ ಹಾಗೆ. ಸದ್ದಿನ ಚೆಂಡು ತರಿಸಿದೆವು. ಯುವಕರು ಸಾಲಾಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತರು. ಅವರಲ್ಲಿ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದದ್ದೂ ಆಯಿತು. ಜನರನ್ನು ಸುಮ್ಮನಿರಿಸುವಷ್ಟರಲ್ಲಿ ನಮಗೆ ಸಾಕಾಯಿತು. ಹುಡುಗ ಎರಡು ಬಾರಿ ಚೆನ್ನಾಗಿ ಬಾರಿಸಿ, ಮೂರನೆಯದಕ್ಕೆ ಬೌಲ್ಡ್ ಆದ. ಬೌಲರ್ “ರೆಡಿ” ಎಂದು ಸರಿಯಾಗಿ ಕೇಳಲೇ ಇಲ್ಲ, ತಾನು ಔಟಲ್ಲ ಎಂದು ಅಂಪೈರ್ ಆಗಿದ್ದ ನಮ್ಮೊಡನೆ ಹತ್ತು ನಿಮಿಷ ಜಗಳವಾಡಿದ. ಆ ವರ್ಷ ಅವನಿಗೆ ಬಹುಮಾನ ಬರಲಿಲ್ಲ.