ಬಿಲ್ಲಿಗೆ ಕೊಟ್ಟ ನಂಬರ್ ಯಾರ ಸ್ವತ್ತು?

ಪೇಟೆ ಬೀದಿಯಲ್ಲಿ ಈಗ ಹೊಸದೊಂದು ಪದ್ಧತಿ. ಐವತ್ತು ರೂಪಾಯಿಯ ಮಾತ್ರೆ ಕೊಳ್ಳಲಿ, ಎರಡು ಜೊತೆ ಕಾಲುಚೀಲ ಕೊಳ್ಳಲಿ, ಗಲ್ಲಾದಲ್ಲಿ ಕುಳಿತ ಹುಡುಗ ದುಡ್ಡು ಕೇಳುವ ಮೊದಲೇ ‘ಮೊಬೈಲ್ ನಂಬರ್ ಹೇಳಿ ಸಾರ್’ ಎನ್ನುತ್ತಾನೆ. ಹಿಂದೆ ನಿಂತ ನಾಲ್ಕು ಮಂದಿಗೂ ಕೇಳುವ ಹಾಗೆ ಗಿರಾಕಿ ಹತ್ತು ಅಂಕಿ ಒಪ್ಪಿಸುತ್ತಾನೆ. ಹೆಣ್ಣುಮಕ್ಕಳು ಹಿಂದೆ ಮುಂದೆ ನೋಡಿದರೆ ‘ನಂಬರ್ ಹಾಕ್ದೇ ಇದ್ರೆ ಕಂಪ್ಯೂಟರ್ ಬಿಲ್ ತಗೊಳ್ಳಲ್ಲ ಮೇಡಂ’ ಎಂಬ ಉತ್ತರ ಸಿದ್ಧ.

ಕಂಪ್ಯೂಟರ್ ಏನೇ ಕೇಳಲಿ, ಕಾನೂನಂತೂ ಕೇಳುವುದಿಲ್ಲ. ಜಿಎಸ್‌ಟಿ ಬಿಲ್ಲಿಗೆ ಗಿರಾಕಿಯ ಮೊಬೈಲ್ ನಂಬರ್ ಇರಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ನಂಬರ್ ಕೊಡದಿದ್ದರೆ ಬಿಲ್ಲಿಲ್ಲ ಎಂದು ಹಟ ಹಿಡಿಯುವುದು ಸರಿಯಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚನೆ ಕೊಟ್ಟಿತ್ತು. ಸೂಚನೆ ಊರಿಗೆ ಬಂದು ತಲುಪಿತೇ ಎಂಬುದು ಬೇರೆ ಮಾತು.

ಹತ್ತು ಅಂಕಿಗೆ ಇಷ್ಟೊಂದು ರಂಪವೇಕೆ ಎನ್ನುವವರಿದ್ದಾರೆ. ಬ್ಯಾಂಕ್ ಖಾತೆಗೆ, ಆಧಾರಿಗೆ, ಗ್ಯಾಸಿಗೆ ಎಲ್ಲಕ್ಕೂ ಇಂದು ಆ ನಂಬರೇ ಬೀಗದ ಕೈ. ಔಷಧಿ ಅಂಗಡಿಯ ಕಂಪ್ಯೂಟರಿನಲ್ಲಂತೂ ನಂಬರಿನ ಪಕ್ಕದಲ್ಲೇ ಕಾಯಿಲೆಯ ಸುಳಿವೂ ಕುಳಿತಿರುತ್ತದೆ.

ಈ ಹಕ್ಕಿನ ಹಿಂದೆ ನಮ್ಮ ರಾಜ್ಯದ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತಾರರ ವಯಸ್ಸು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹೆಸರು ಉದ್ದ, ತಾತ್ಪರ್ಯ ಗಿಡ್ಡ: ಯಾವ ಕೆಲಸಕ್ಕೆಂದು ಕೇಳಿ ಪಡೆದಿರೋ ಆ ಕೆಲಸಕ್ಕಷ್ಟೇ ಬಳಸಬೇಕು. ಕಾಯ್ದೆಯೇ ಕೊಟ್ಟಿರುವ ಉದಾಹರಣೆ ಔಷಧಿ ಅಂಗಡಿಯದು. ದುಡ್ಡು ಸಂದಾಯವಾದ ರಸೀದಿ ಕಳಿಸಿ ಎಂದು ಗಿರಾಕಿ ತಾನಾಗಿ ನಂಬರ್ ಕೊಟ್ಟರೆ, ರಸೀದಿ ಕಳಿಸಲು ಅಡ್ಡಿಯಿಲ್ಲ. ಅದೇ ನಂಬರಿಗೆ ಹಬ್ಬದ ರಿಯಾಯಿತಿಯ ಸಂದೇಶ ಕಳಿಸಬೇಕಾದರೆ ಬೇರೆ ಒಪ್ಪಿಗೆ ಬೇಕು. ಒಪ್ಪಿಗೆಯ ಕೋರಿಕೆ ಕನ್ನಡದಲ್ಲೇ ಬೇಕೆಂದು ಕೇಳಬಹುದು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು.

ಹಾಗಾದರೆ ಉದ್ರಿ ಪುಸ್ತಕದ ಗತಿ? ಅಂಗಡಿಯವರು ಗಾಬರಿಯಾಗಬೇಕಿಲ್ಲ. ಕೈಯಲ್ಲಿ ಬರೆದ ಪುಸ್ತಕ ಈ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕಂಪ್ಯೂಟರಿಗೋ ಮೊಬೈಲಿಗೋ ಏರಿಸಿದಿರಿ ಎಂದರೆ ಬರುತ್ತದೆ. ಆಮೇಲೆ ಅದನ್ನು ಕಾಪಾಡುವ ಹೊಣೆ ಮಾಲೀಕರದ್ದು. ಸಾಫ್ಟ್‌ವೇರ್ ಮಾರಿದವನ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಇದು ಮೇಲಿನ ಮಿತಿ ಮಾತ್ರ. ತಪ್ಪಿನ ತೂಕ ನೋಡಿ ದಂಡ ಹಾಕಬೇಕೆಂದೂ ಕಾಯ್ದೆ ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ವ್ಯಾಪಾರಸ್ಥರ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು ಕೊಡಲಾಯಿತು.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದಿದೆ. ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ನಷ್ಟಪಟ್ಟವನ ಕೈಗೆ ಮೂರು ಕಾಸೂ ಬರುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂನಲ್ಲಿ ಪರಿಹಾರ ಕೇಳುವ ದಾರಿ ಇಟ್ಟಿದ್ದರು. ಹೊಸ ಕಾಯ್ದೆ ಆ ಕಲಮನ್ನೇ ಕಿತ್ತುಹಾಕುತ್ತದೆ. ದೂರನ್ನೂ ಮೊದಲು ಅಂಗಡಿಗೇ ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ಮಾತ್ರ ದತ್ತಾಂಶ ಸಂರಕ್ಷಣಾ ಮಂಡಳಿಗೆ. ಸುಳ್ಳು ದೂರು ಕೊಟ್ಟರೆ ದೂರಿದವನಿಗೇ 10,000 ರೂಪಾಯಿವರೆಗೆ ದಂಡ. ಊರಿನ ಜನ ಈ ಏಣಿಯನ್ನು ಎಷ್ಟರಮಟ್ಟಿಗೆ ಹತ್ತಿಯಾರು?

ಆದ್ದರಿಂದ ಮದ್ದು ಗಲ್ಲಾದಲ್ಲೇ ಆಗಬೇಕು. ‘ನಂಬರ್ ಬೇಡ, ಬಿಲ್ ಕೊಡಿ’ ಎಂದು ಗಿರಾಕಿ ನಗುತ್ತಲೇ ಹೇಳಬಹುದು. ‘ಕೊಟ್ಟರೂ ಸರಿ, ಬಿಟ್ಟರೂ ಸರಿ’ ಎಂದು ಅಂಗಡಿಯವರು ಹುಡುಗರಿಗೆ ಹೇಳಿಕೊಟ್ಟರೆ, ಕೂಗಿ ಹೇಳಿಸುವ ಬದಲು ಚೀಟಿಯಲ್ಲಿ ಬರೆಸಿಕೊಂಡು ಆಮೇಲೆ ಹರಿದುಹಾಕಿದರೆ, ಕಳೆದುಕೊಳ್ಳುವುದೇನೂ ಇಲ್ಲ. ನೆನಪಿಗಿರಲಿ: ನಂಬರ್ ಸೋರಿ ಮೋಸಗಾರರು ಖಾತೆಗೆ ಕೈ ಹಾಕಿದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಗಿರಾಕಿ ಅಂಗಡಿಯಲ್ಲಿ ಮರೆತುಹೋದ ಕೊಡೆಯನ್ನು ನಮ್ಮ ವ್ಯಾಪಾರಸ್ಥರು ಜೋಪಾನವಾಗಿ ಎತ್ತಿಟ್ಟು ಹಿಂದಿರುಗಿಸುತ್ತಾರೆ, ಮಾರುವುದಿಲ್ಲ. ನಂಬರೂ ಅಷ್ಟೇ, ಗಿರಾಕಿಯ ಸ್ವತ್ತು.